ಒಂದು ಹುಬ್ಬಿನ ಮಿಸ್ತ್ರಿ, ಎರಡು ಹಳದಿ ದೀಪ

ಅವರ ಮುಖದಲ್ಲಿ ಎಡ ಹುಬ್ಬು ಇರಲಿಲ್ಲ. ಎಂದೋ ಬ್ಯಾಟರಿ ಸಿಡಿದು ಆಸಿಡ್ ಹಾರಿದಾಗ ಸುಟ್ಟದ್ದು ಮತ್ತೆ ಬೆಳೆಯಲಿಲ್ಲವಂತೆ. ಅಲ್ಲಿ ಸುಟ್ಟ ಬದನೆಕಾಯಿಯ ಸಿಪ್ಪೆ ಸುಲಿದಂತೆ ನುಣ್ಣಗಿನ ಚರ್ಮ ಮಾತ್ರ ಇತ್ತು. ಬಲ ಹುಬ್ಬು ಮಾತ್ರ ಎರಡರ ಪಾಲನ್ನೂ ತಾನೇ ತಿಂದಂತೆ ದಟ್ಟವಾಗಿತ್ತು. ಹಾಗಾಗಿ ಏನು ಹೇಳಿದರೂ ಅವರ ಮುಖದ ಒಂದು ಭಾಗ ಕೇಳಿಸಿಕೊಳ್ಳುತ್ತಿತ್ತು, ಇನ್ನೊಂದು ಭಾಗ ನಂಬುತ್ತಿರಲಿಲ್ಲ. ನನಗೆ ಸದಾ ಕಾಣುತ್ತಿದ್ದದ್ದು ಆ ನಂಬದ ಭಾಗ.

ಸಿಕಂದರಾಬಾದಿನ ರಾಣಿಗಂಜಿನ ಒಂದು ಗಲ್ಲಿಯಲ್ಲಿ ಅವರ ತಗಡಿನ ಶೆಡ್ಡು. ಗಾಡಿಗಳ ವೈರಿಂಗ್, ಲೈಟು, ಹಾರ್ನು, ಡೈನಮೋ, ಇಷ್ಟೇ ಅವರ ಕೆಲಸ. ಎಂಜಿನ್ ಮುಟ್ಟುತ್ತಿರಲಿಲ್ಲ. ಕೊರಳಲ್ಲಿ ಲಿಂಗದ ಕರಡಿಗೆ, ಅದರ ಜೊತೆಗೇ ತಂತಿಗೆ ಕಟ್ಟಿ ಇಳಿಬಿಟ್ಟ ಸಣ್ಣ ಟೆಸ್ಟ್ ಬಲ್ಬು. ಬಾಯಲ್ಲಿ ಲವಂಗ. ಗಾಡಿಯ ಜೊತೆ ಹಿಂದಿಯಲ್ಲಿ, ಬಹುವಚನದಲ್ಲಿ ಮಾತಾಡುತ್ತಿದ್ದರು: 'ಯಾಕೆ ಸಾಹೇಬರೇ, ಇವತ್ತು ಮುನಿಸಿಕೊಂಡಿದ್ದೀರಾ?' ಗಾಡಿಯ ಒಡತಿ ಎದುರಿಗೆ ನಿಂತಿದ್ದರೆ ಕತ್ತು ಕೂಡ ಎತ್ತುತ್ತಿರಲಿಲ್ಲ. ಹಾನೆಸ್ಟ್ಲಿ, ನನ್ನ ಜೀವನದಲ್ಲಿ ಅಷ್ಟು ರೂಡ್ ಆದ ಮನುಷ್ಯನನ್ನು ನಾನು ನೋಡಿಲ್ಲ. ಅವರು ನನಗೆ ಇಷ್ಟವಾಗಿರಲಿಲ್ಲ. ಸತ್ತವರ ಬಗ್ಗೆ ಬರೆಯುವಾಗ ಇದನ್ನು ಬದಲಾಯಿಸುವುದು ಸುಲಭ. ನಾನು ಬದಲಾಯಿಸುವುದಿಲ್ಲ.

ಗಾಡಿಯ ಬಗ್ಗೆ ಮೊದಲು ಹೇಳಬೇಕು. ನಮ್ಮ ಮನೆಯವರು, ಎಂದರೆ ನನ್ನ ಗಂಡ, ಮದುವೆಯಾದ ಹತ್ತನೆಯ ವರ್ಷ ಬೊಲಾರಮ್‌ನಲ್ಲಿ ರಿಟೈರ್ ಆದ ಒಬ್ಬ ಮೇಜರ್ ಹತ್ತಿರ ಎರಡು ಸೀಟಿನ ಒಂದು ವಿಲಾಯತಿ ಸ್ಪೋರ್ಟ್ಸ್ ಕಾರು ಕೊಂಡರು. ಕಡು ಹಸಿರು ಬಣ್ಣ, ಬಟ್ಟೆಯ ಟಾಪು, ನೆಲಕ್ಕೆ ಮೈ ತಾಗಿಸಿಕೊಂಡು ಓಡುವ ಗಾಡಿ. ನಮ್ಮ ಅತ್ತೆಯವರು ಅದನ್ನು ನೋಡಿ, ಮೂರನೆಯವರು ಕೂಡಲಾಗದ ಗಾಡಿ ಸಂಸಾರಸ್ಥರಿಗೆ ಯಾಕೆ ಎಂದು ಕೇಳಿದ್ದರು. ಬಂಪರಿನ ಮುಂದೆ, ಮೊಣಕಾಲಿನ ಎತ್ತರಕ್ಕೆ, ಎರಡು ಹಳದಿ ಗಾಜಿನ ಫಾಗ್ ಲೈಟುಗಳಿದ್ದವು. ಹೈದರಾಬಾದಿನ ಬಿಸಿಲಿಗೆ ಫಾಗ್ ಲೈಟು ಯಾಕೆ ಎಂದು ನಾನು ನಕ್ಕಾಗ ನಮ್ಮವರು, "ಗಾಜು ತೆಗೆದು ನೋಡು, ಒಳಗಿನ ಬಟ್ಟಲು ಶುದ್ಧ ಬೆಳ್ಳಿ" ಎಂದರು. ಆ ಒಂದು ಮಾತು ಅವರು ಆಡಬಾರದಿತ್ತು.

ಬೆಳ್ಳಿ ಎಂದರೆ ನಮ್ಮ ಮನೆಯಲ್ಲಿ ವಿಭೂತಿ. ನಮ್ಮದು ರಾಯಚೂರಿನ ಕಡೆಯ ಮನೆತನ. ಹಬ್ಬದ ಹಿಂದಿನ ದಿನ ಆರತಿ ತಟ್ಟೆ, ಪಂಚಪಾತ್ರೆ, ಲಿಂಗದ ಕರಡಿಗೆ ಎಲ್ಲವನ್ನೂ ವಿಭೂತಿ ಪುಡಿ ಹಚ್ಚಿ ಮೆತ್ತನೆಯ ಬಟ್ಟೆಯಿಂದ ತಿಕ್ಕುವುದನ್ನು ಅತ್ತೆಯವರು ಕಲಿಸಿದ್ದರು. ಅದಕ್ಕಿಂತ ಮುಂಚೆ ಕಾನ್ವೆಂಟಿನಲ್ಲಿ ಪ್ರತಿ ಶನಿವಾರ ಚಾಪೆಲ್ಲಿನ ಮೇಣದಬತ್ತಿಯ ಸ್ಟ್ಯಾಂಡುಗಳನ್ನು ನಮ್ಮಿಂದ ಪಾಲಿಶ್ ಮಾಡಿಸುತ್ತಿದ್ದ ಸಿಸ್ಟರ್ ಒಬ್ಬರಿದ್ದರು. "ಎಲ್ಬೋ ಗ್ರೀಸ್, ಗರ್ಲ್ಸ್" ಎನ್ನುತ್ತಿದ್ದರು, ಮೊಣಕೈ ನೋಯುವತನಕ ತಿಕ್ಕಬೇಕು. ಅತ್ತೆಯವರ ವಿಭೂತಿ, ಸಿಸ್ಟರ್ ಅವರ ಮೊಣಕೈ, ಎರಡೂ ನನ್ನಲ್ಲಿ ಕೂಡಿಕೊಂಡವು. ಪ್ರತಿವರ್ಷ ಆಯುಧಪೂಜೆಯ ಮುಂಜಾನೆ ಫಾಗ್ ಲೈಟಿನ ಅಂಚಿನ ಸ್ಕ್ರೂ ಬಿಚ್ಚಿ, ಹಳದಿ ಗಾಜು ತೆಗೆದಿಟ್ಟು, ಒಳಗಿನ ಬಟ್ಟಲಿಗೆ ವಿಭೂತಿ ಹಚ್ಚಿ ತಿಕ್ಕುತ್ತಿದ್ದೆ. ಮೂವತ್ತು ವರ್ಷಕ್ಕೂ ಮೇಲೆ. ಗಾಡಿ ತೊಳೆಯಲು ಆಳುಗಳಿದ್ದರೂ ಈ ಕೆಲಸಕ್ಕೆ ಯಾರನ್ನೂ ಬಿಡಲಿಲ್ಲ. ನಮ್ಮವರು ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಚಹಾ ಕುಡಿಯುತ್ತ ನೋಡುತ್ತಿದ್ದರು. ನಮ್ಮಿಬ್ಬರ ಮಧ್ಯೆ ಪ್ರೀತಿಯ ಮಾತು ಹೆಚ್ಚು ಇರಲಿಲ್ಲ. ಆ ಬೆಳಗಿನ ಅರ್ಧ ಗಂಟೆ ಇತ್ತು.

ವರ್ಷಗಳಿಂದ ನಮ್ಮ ಗಾಡಿಯ ವೈರಿಂಗ್ ನೋಡುತ್ತಿದ್ದ ಮಿಸ್ತ್ರಿಯವರ ಜೊತೆ ನನ್ನ ಮೊದಲ ಜಗಳ ಆದದ್ದು ಅದೇ ಲೈಟುಗಳ ಮುಂದೆ. ತೆಲಂಗಾಣ ಬೇರೆ ರಾಜ್ಯವಾದ ಮೇಲಿನ ಎರಡನೆಯ ಚಳಿಗಾಲ. ಸಂಕ್ರಾಂತಿಗೆ ಒಂದು ವಾರ ಇತ್ತು. ನಾನು ಮಾರ್ಕೆಟ್ಟಿನಿಂದ ಬರುವಷ್ಟರಲ್ಲಿ ಅವರು ನಮ್ಮ ಮಾರೇಡ್‌ಪಲ್ಲಿಯ ಮನೆಯ ಪೋರ್ಟಿಕೋದಲ್ಲಿ ನೆಲಕ್ಕೆ ಕೂತು ಎಡ ಲೈಟಿನ ಬೋಲ್ಟು ಸಡಿಲಿಸುತ್ತಿದ್ದರು. ಪಕ್ಕದಲ್ಲಿ ರಟ್ಟಿನ ಡಬ್ಬಿ. ಒಳಗೆ ಹೊಸ ಲೈಟುಗಳ ಜೋಡಿ, ಬಿಳಿ ಗಾಜು, ಪ್ಲಾಸ್ಟಿಕ್ಕಿನ ಮೈ. ನನಗೆ ತಕ್ಷಣ ಅರ್ಥವಾಯಿತು, ಅಂದರೆ ಅರ್ಥವಾಯಿತು ಎಂದುಕೊಂಡೆ. ಒಳಗೆ ಬೆಳ್ಳಿ ಇದೆ ಎಂದು ಇವನಿಗೆ ಗೊತ್ತಾಗಿದೆ, ಬದಲಿಸಿ ಒಯ್ಯುತ್ತಾನೆ. ಹಿಂದಿಯಲ್ಲಿ ಚೆನ್ನಾಗಿ ದಬಾಯಿಸಿದೆ. ಹಿಂದಿ ಸಾಲದೆ, ತೆಲುಗಿನವನಿಗೆ ಗೊತ್ತಾಗಲಿಕ್ಕಿಲ್ಲ ಎಂದುಕೊಂಡು, ಕನ್ನಡದಲ್ಲಿ ಗೊಣಗಿದೆ: "ಒಂದ ಹುಬ್ಬಿನ ಕಳ್ಳ."

ಅವರು ಸ್ಪ್ಯಾನರ್ ಕೆಳಗಿಟ್ಟರು. ಲವಂಗವನ್ನು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ತಳ್ಳಿದರು.

"ಹುಬ್ಬು ಒಂದ ಐತ್ರಿ ಬಾಯಾರ. ಕಣ್ಣು ಎರಡೂ ಅದಾವ."

ಅವರು ಮನೆಯೊಡತಿಯನ್ನು 'ಬಾಯಾರ' ಎಂದು ಕರೆಯುವ ಲಿಂಗಸೂಗೂರಿನ ಕಡೆಯವರು ಎಂದು ನನಗೆ ಗೊತ್ತಾದದ್ದು ಹಾಗೆ. ನಾಚಿಕೆಯಾಗಬೇಕಿತ್ತು. ಬದಲಿಗೆ, ಇಷ್ಟು ವರ್ಷ ಬಾಯಿ ಮುಚ್ಚಿಕೊಂಡು ನಮ್ಮ ಮಾತನ್ನೆಲ್ಲ ಕೇಳಿಸಿಕೊಂಡಿದ್ದಾನಲ್ಲ ಎಂದು ಇನ್ನಷ್ಟು ಸಿಟ್ಟು ಬಂತು. ನಮ್ಮವರು ಒಳಗಿನಿಂದ ಬಂದರು. ಮಿಸ್ತ್ರಿ ನಮ್ಮವರ ಮುಖ ನೋಡಿದರು. ನಮ್ಮವರು, ಹೊಸವು ಬೇಡ ಬಿಡಪ್ಪ, ಹಳೆಯವೇ ಇರಲಿ ಎಂದರು. ಮಿಸ್ತ್ರಿ ಹಳೆಯ ಲೈಟನ್ನು ಮತ್ತೆ ಬಿಗಿದು, ಡಬ್ಬಿ ಬಗಲಿಗೆ ಇಟ್ಟುಕೊಂಡು ಎದ್ದರು. ಗೇಟಿನ ಹತ್ತಿರ ನಿಂತು ನಮ್ಮವರಿಗೆ ಹೇಳಿದ್ದು ನನಗೂ ಕೇಳಿಸಿತು: "ಮಂಜಿನ್ಯಾಗ ಹೋಗಬ್ಯಾಡ್ರಿ ಸಾಹೇಬ್ರ. ಬೆಳಕ ಮುಂದ ಹೋಗಬೇಕು, ಗಾಡಿ ಅದರ ಹಿಂದ ಹೋಗಬೇಕು. ಗಾಡೀನ ಬೆಳಕಿಗಿಂತ ಮುಂದ ಹೋದ್ರ ಮುಗೀತು."

ನಮ್ಮವರು ಹೋದರು. ಸಂಕ್ರಾಂತಿಗೆ ಹುಮನಾಬಾದಿನ ತಂಗಿಯ ಮನೆಗೆ, ಒಬ್ಬರೇ, ಬೆಳಗಿನ ಜಾವ. ಜಹೀರಾಬಾದಿನ ಹತ್ತಿರ ಕಬ್ಬಿನ ಗದ್ದೆಗಳ ಮೇಲೆ ಆ ತಿಂಗಳಲ್ಲಿ ಮಂಜು ಹತ್ತಿ ಹಾಸಿದಂತೆ ಬಿದ್ದಿರುತ್ತದೆ. ರಸ್ತೆಯ ಪಕ್ಕ ಕಬ್ಬು ಹೇರಿದ ಟ್ರ್ಯಾಕ್ಟರು ಕೆಟ್ಟು ನಿಂತಿತ್ತು. ಫಾಗ್ ಲೈಟು ಹಾಕಿದ್ದೆ, ಏನೂ ಕಾಣಲಿಲ್ಲ ಎಂದು ಆಸ್ಪತ್ರೆಯಲ್ಲಿ ಹೇಳಿದರು. ಗಾಡಿಯ ಒಂದು ಮಗ್ಗುಲು ಹೋಯಿತು. ಅವರ ಸೊಂಟದ ಮೂಳೆ ಹೋಯಿತು. ಜೀವ ಉಳಿಯಿತು, ಆದರೆ ಆಮೇಲೆ ಅವರು ವಾಕರ್ ಇಲ್ಲದೆ ಹತ್ತು ಹೆಜ್ಜೆ ನಡೆಯಲಿಲ್ಲ.

ನಾನು ಯಾರನ್ನು ಬೈಯಬೇಕಿತ್ತು? ಒಂದು ವಾರದ ಹಿಂದೆ ಲೈಟಿಗೆ ಕೈ ಹಾಕಿದವರು ಒಬ್ಬರೇ. ಬೋಲ್ಟು ಸಡಿಲಿಸುವಾಗ ವೈರು ಕಿತ್ತಿದ್ದಾನೆ, ಸೇಡಿಗೆ ಹಾಗೇ ಬಿಟ್ಟಿದ್ದಾನೆ, ಇದು ನನ್ನ ತೀರ್ಮಾನ. ಆಸ್ಪತ್ರೆಯ ವಾರ್ಡಿನಲ್ಲಿ ಕುಳಿತೇ ಒಂದು ಕಾಗದ ಬರೆದೆ, ಇಂಗ್ಲಿಷಿನಲ್ಲಿ, ಕಾನ್ವೆಂಟಿನ ದುಂಡು ಅಕ್ಷರದಲ್ಲಿ. 'ಕೆಳಗೆ ಸಹಿ ಮಾಡಿರುವ ನಾನು ನನ್ನ ನೆಗ್ಲಿಜೆನ್ಸ್‌ನಿಂದ ಸದರಿ ವಾಹನದ ದೀಪಗಳನ್ನು ಕೆಡಿಸಿ ಅಪಘಾತಕ್ಕೆ ಕಾರಣನಾದೆನೆಂದು ಒಪ್ಪಿಕೊಳ್ಳುತ್ತೇನೆ.' ನೆಗ್ಲಿಜೆನ್ಸ್ ಎಂಬ ಪದ ಹೊಳೆದದ್ದಕ್ಕೆ ನನ್ನ ಬಗ್ಗೆ ನನಗೇ ಮೆಚ್ಚಿಗೆಯಾಗಿತ್ತು. ನಮ್ಮವರನ್ನು ನೋಡಲು ಮಿಸ್ತ್ರಿ ಮೋಸಂಬಿ ಹಿಡಿದುಕೊಂಡು ಬಂದಾಗ ಮೋಸಂಬಿಯ ಚೀಲ ತೆಗೆದುಕೊಳ್ಳದೆ ಕಾಗದ ಚಾಚಿದೆ. ಸಹಿ ಮಾಡದಿದ್ದರೆ ಪೊಲೀಸರಿಗೆ ಹೇಳುತ್ತೇನೆ ಎಂದೆ.

ಅವರು ಕಾಗದವನ್ನು ಬಹಳ ಹೊತ್ತು ನೋಡಿದರು. "ಏನ ಬರದೈತ್ರಿ ಇದ್ರಾಗ?" ಎಂದು ನನ್ನನ್ನು ಕೇಳಿದರು.

"ಓದಾಕ ಬರದಿದ್ರ ಅದು ನನ್ನ ತಪ್ಪಲ್ಲ" ಎಂದೆ.

ಅವರು ಹಾಸಿಗೆಯ ಕಡೆ ನೋಡಿದರು. ಪ್ಲಾಸ್ಟರಿನಲ್ಲಿದ್ದ ನಮ್ಮವರು ಗೋಡೆಯ ಕಡೆ ಮುಖ ತಿರುಗಿಸಿದರು. ಆಗ ಮಿಸ್ತ್ರಿ ನಾನು ಕೊಟ್ಟ ಪೆನ್ನನ್ನು ಸ್ಟೂಲಿನ ಮೇಲಿಟ್ಟು, ತಮ್ಮ ಬಲಗೈಯ ಹೆಬ್ಬೆಟ್ಟನ್ನು ಕಾಗದದ ಮೇಲೆ ಒತ್ತಿದರು. ಇಂಕು ಬೇಕಾಗಲಿಲ್ಲ, ಆ ಬೆರಳಿನಲ್ಲಿ ಯಾವಾಗಲೂ ಗ್ರೀಸಿನ ಕಪ್ಪು ಇರುತ್ತಿತ್ತು. ಹೆಬ್ಬೆಟ್ಟು, ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ. ಆ ಪದವನ್ನು ನಮ್ಮ ಕಡೆ ಹೇಗೆ ಅನ್ನುತ್ತಾರೋ ಹಾಗೆ.

ಹಳೆಯ ಗಾಡಿಗಳ ಯಜಮಾನರದ್ದೊಂದು ಕ್ಲಬ್ಬಿತ್ತು, ನಮ್ಮವರೂ ಅದರ ಮೆಂಬರು. ಕಾಗದದ ಝೆರಾಕ್ಸ್ ತೆಗೆಸಿ ಅಲ್ಲಿಗೆ ಕಳಿಸಿದೆ. ಮೂಲವನ್ನು ಗಾದ್ರೆಜಿನ ಲಾಕರಿನಲ್ಲಿ, ಅತ್ತೆಯವರ ಸರದ ಕೆಳಗೆ ಇಟ್ಟೆ. ಆ ವರ್ಷದಿಂದ ಕ್ಲಬ್ಬಿನ ಒಂದು ಗಾಡಿಯೂ ರಾಣಿಗಂಜಿನ ಆ ಗಲ್ಲಿಗೆ ಹೋಗಲಿಲ್ಲ. ಆಟೋಗಳ ಹಾರ್ನು, ಲಾರಿಗಳ ಹಿಂದಿನ ಲೈಟು, ಅವರಿಗೆ ಉಳಿದದ್ದು ಇಷ್ಟು.

ಮೂರು ವರ್ಷ ಹೀಗೇ ಹೋಯಿತು. ಗಾಡಿಯ ಮೈಯನ್ನು ಬೇರೆ ಯಾರೋ ತಟ್ಟಿ ಬಣ್ಣ ಹಚ್ಚಿ ಕೊಟ್ಟರು. ಲೈಟುಗಳು ಹಾಗೇ ಕುರುಡಾಗಿ ಕೂತಿದ್ದವು. ಒಂದು ಸೆಪ್ಟೆಂಬರಿನಲ್ಲಿ ನಮ್ಮವರು ಕುರ್ಚಿಯಲ್ಲಿ ಕೂತಲ್ಲಿಂದಲೇ, ಆ ಹಳದಿ ದೀಪ ಹತ್ತಿದ್ದನ್ನು ಒಂದು ಸಲ ನೋಡಬೇಕು ಎಂದರು. ಮಾಡಿಸೋಣ ಎಂದೆ. ಮಿಸ್ತ್ರಿಯ ಕೈಲೇ ಮಾಡಿಸಬೇಕು ಎಂದರು. ಮಾದಾಪುರದಲ್ಲಿ ಹೊಸ ಶೋರೂಮುಗಳಿವೆ, ಆನ್‌ಲೈನ್‌ನಲ್ಲಿ ಅಂಥದೇ ಜೋಡಿ ಸಿಗುತ್ತದಂತೆ ಎಂದು ಏನೆಲ್ಲ ಹೇಳಿದೆ. ಅವರು ಒಪ್ಪಲಿಲ್ಲ. ಅವತ್ತು ಊಟವನ್ನೂ ಸರಿಯಾಗಿ ಮಾಡಲಿಲ್ಲ.

ಹೀಗಾಗಿ ಶತ್ರುವಿನ ಮನೆಗೆ ನಾನೇ ಹೋಗಬೇಕಾಯಿತು, ಆಟೋದಲ್ಲಿ, ಬಿಚ್ಚಿದ ಎರಡು ಲೈಟುಗಳನ್ನು ಟವೆಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು. ಮಿಸ್ತ್ರಿ ನನ್ನನ್ನು ನೋಡಿದರು, ನೋಡದವರಂತೆ ಒಂದು ಹಾರ್ನಿನ ಕೆಲಸ ಮುಗಿಸಿದರು, ಇನ್ನೊಂದು ಹಿಡಿದರು. ನಾನು ಖಾಲಿ ಬ್ಯಾಟರಿಯ ಡಬ್ಬದ ಮೇಲೆ ಕುಳಿತೆ. ಮೂಲೆಯಲ್ಲಿ ದಪ್ಪನೆಯ ಒಂದು ಇಂಗ್ಲಿಷ್ ಪುಸ್ತಕ ಇತ್ತು, ಹಳೆಯ ಗಾಡಿಗಳ ವರ್ಕ್‌ಶಾಪ್ ಮ್ಯಾನ್ಯುಅಲ್. ಅದರ ಮೇಲೆ ಊಟದ ಡಬ್ಬಿ ಇಟ್ಟಿದ್ದರು. ಪುಸ್ತಕಕ್ಕೆ ಇವರ ಕೈಯಲ್ಲಿ ಇದೇ ಗತಿ ಎಂದುಕೊಂಡೆ.

ಹಿಂದಿಯಲ್ಲಿ ಶುರು ಮಾಡಿದೆ. ಅವರು ಕಿವಿಯೇ ಕೊಡಲಿಲ್ಲ. ಕೊನೆಗೆ ಕನ್ನಡದಲ್ಲಿ, "ಮಿಸ್ತ್ರಿ, ಅವರು ಕೇಳ್ಯಾರ. ನಾ ಅಲ್ಲ" ಎಂದೆ.

ಆಗ ತಿರುಗಿದರು. "ಸಾಹೇಬ್ರು ಕೇಳಿದ್ರ ಮಾಡತೀನಿ. ನನಗ ಒಂದ ಬೇಕು. ಆ ಕಾಗದ."

"ದೀಪ ಹತ್ತಲಿ, ಕೊಡತೀನಿ."

"ನಿಮ್ಮ ಕೈಲೇ ಕೊಡಬೇಕು" ಎಂದರು. ನಾನು ಹೂಂ ಎಂದೆ. ಒಪ್ಪಂದ ಇಷ್ಟೇ. ಇನ್ನೊಂದು ಮಾತು ಸೇರಿಸಿದರು, ಕೆಲಸ ಮುಗಿಯುವತನಕ ನೀವು ಈ ಕಡೆ ಬರಬಾರದು ಎಂದು. ಅದನ್ನು ನಾನು ಒಪ್ಪಲಿಲ್ಲ. ಬೆಳ್ಳಿ ಇದೆಯಲ್ಲ.

ದಿನಾ ಹೋದೆ. ಕೊಡೆ, ನೀರಿನ ಬಾಟಲಿ, ಕ್ರಾಸ್‌ವರ್ಡಿನ ಪುಸ್ತಕ ಹಿಡಿದು ಬ್ಯಾಟರಿ ಡಬ್ಬದ ಮೇಲೆ ಕಾವಲು ಕೂತೆ. ಪಕ್ಕದ ಅಂಗಡಿಯ ಟೈರಿನವನು, ಏನ್ ಮಿಸ್ತ್ರಿ, ಸಿಸಿಟಿವಿ ಹಾಕಿಸಿದ್ದೀಯಾ ಎಂದು ಹಿಂದಿಯಲ್ಲಿ ಕೇಳುತ್ತಿದ್ದ. ಇವರು, ಹೌದು, ಇದು ಇಂಗ್ಲಿಷಿನಲ್ಲಿ ಬೈಯುವ ಸಿಸಿಟಿವಿ ಎನ್ನುತ್ತಿದ್ದರು. ಮೊದಲ ದಿನ ಲೈಟಿನ ಗಾಜು ತೆಗೆದ ತಕ್ಷಣ ಒಳಗಿನ ಬಟ್ಟಲಿನ ಮೇಲೆ ಟವೆಲು ಎಳೆದರು, ನನಗೆ ಕಾಣದಂತೆ. ಮುಚ್ಚುತ್ತಿದ್ದಾನೆ ಎಂದರೆ ಕದಿಯುತ್ತಿದ್ದಾನೆ ಎಂದೇ ನನ್ನ ಲೆಕ್ಕ. ಬಟ್ಟಲುಗಳನ್ನು ತಮ್ಮ ಊಟದ ಡಬ್ಬಿಯಲ್ಲಿ ಹತ್ತಿಯ ಮಧ್ಯೆ ಮಲಗಿಸಿ, ಮುಚ್ಚಳ ಹಾಕಿ, ಚಾರ್‌ಮಿನಾರಿನ ಹಿಂದೆ ಬೆಳ್ಳಿ ಲೇಪ ಹಾಕುವ ಒಬ್ಬ ಮುದುಕರ ಹತ್ತಿರ ಒಯ್ಯುತ್ತೇನೆ ಎಂದರು. ಇರುವ ಬೆಳ್ಳಿಗೆ ಮತ್ತೆ ಯಾಕೆ ಬೆಳ್ಳಿ ಎಂದು ಜಗಳ ತೆಗೆದೆ. ಅವರು ಡಬ್ಬಿ ಬಗಲಿಗೆ ಇಟ್ಟುಕೊಂಡು ನಡೆದರು. ಡಬ್ಬಿ ಅಲ್ಲಿದ್ದ ನಾಲ್ಕು ದಿನ ಮಧ್ಯಾಹ್ನ ಜೋಳದ ರೊಟ್ಟಿಯನ್ನು ಪೇಪರಿನಲ್ಲಿ ಸುತ್ತಿ ತಂದು ತಿಂದರು.

ಅವರ ಕೈ ಕೆಲಸ ಮಾಡುವುದನ್ನು ಆ ದಿನಗಳಲ್ಲಿ ನೋಡಿದೆ. ಇದನ್ನು ಹೇಳಲು ನನಗೆ ಸಂತೋಷವಿಲ್ಲ, ಆದರೆ ಚೆನ್ನಾಗಿತ್ತು. ಬಟ್ಟೆ ಸುತ್ತಿದ ಹಳೆಯ ವೈರು ಮುಟ್ಟಿದರೆ ಪುಡಿಯಾಗುತ್ತಿತ್ತು. ಅದನ್ನು ತೆಗೆದು ಹೊಸದು ಎಳೆದು, ಕಣ್ಣಿಗೆ ಹಳೆಯದರಂತೆಯೇ ಕಾಣಲಿ ಎಂದು ಮೇಲೆ ಕಪ್ಪು ಹತ್ತಿ ನೂಲಿನ ಪಟ್ಟಿ ಸುತ್ತಿದರು. ಗಾಜಿನ ಅಂಚಿನ ರಬ್ಬರು ಹಪ್ಪಳವಾಗಿತ್ತು. ಲಾರಿಯ ಟ್ಯೂಬಿನಿಂದ ಉಂಗುರ ಕತ್ತರಿಸಿ ಕೂರಿಸಿದರು. ಗಾಜಿಗೆ ಮೇಲು ಕೆಳಗು ಇರುತ್ತದೆಂದು ನನಗೆ ಗೊತ್ತಿರಲಿಲ್ಲ. ಅದರ ಗೀರುಗಳನ್ನು ಉಗುರಿನಲ್ಲಿ ಸವರಿ ತೋರಿಸಿದರು. ಅದೊಂದು ಸಲ ಅವರಾಗಿಯೇ ಮಾತಾಡಿದ್ದು: "ಇದು ತಲಿ ಬಗ್ಗಿಸಿದ ದೀಪ ನೋಡ್ರಿ. ಮಂಜಿನ್ಯಾಗ ತಲಿ ಎತ್ತಿದ್ರ ಬರೇ ಬೆಳ್ಳಗ ಕಾಣ್ತೈತಿ. ನೆಲಾ ನೋಡಕೋಂತ ಹೋದಾಂವ ಮನಿ ಮುಟ್ಟತಾನ." ನನಗೇ ಹೇಳುತ್ತಿದ್ದಾರೆ ಎಂದು ಕೋಪ ಬಂತು.

ಲೈಟು ಕೂರಿಸಲು ಮನೆಗೆ ಬಂದದ್ದು ಆಯುಧಪೂಜೆಯ ಬೆಳಿಗ್ಗೆ. ನಮ್ಮವರನ್ನು ಪೋರ್ಟಿಕೋದ ಕುರ್ಚಿಯಲ್ಲಿ ಕೂರಿಸಿದ್ದೆ, ಹೊಸ ಶಾಲು ಹೊದಿಸಿ. ಮಿಸ್ತ್ರಿ ಎರಡೂ ಲೈಟುಗಳನ್ನು ಬಂಪರಿಗೆ ಬಿಗಿದು, ವೈರು ಸೇರಿಸಿ, ಗಾಜು ಇನ್ನೂ ಹಾಕದೆ ಬಲ್ಬು ನೋಡುತ್ತಿದ್ದರು. ಒಳಗಿನ ಬಟ್ಟಲು ಕನ್ನಡಿಯಂತಿತ್ತು. ಮೂವತ್ತೈದು ವರ್ಷದ ಹಿಂದೆ ಬೊಲಾರಮ್‌ನಲ್ಲಿ ಕಂಡ ಹೊಳಪು. ನನ್ನ ಕಣ್ಣು ತುಂಬಿತು. ಒಳಗೆ ಹೋಗಿ ಬೆಳ್ಳಿಯ ಬಟ್ಟಲಲ್ಲಿ ವಿಭೂತಿ, ಅತ್ತೆಯವರ ಹಳೆಯ ಮಲ್ಮಲ್ ಸೀರೆಯ ತುಂಡು ತಂದೆ. ಇದು ನನ್ನ ಕೆಲಸ. ಎಡ ಲೈಟಿನ ಮುಂದೆ ಕುಕ್ಕರಗಾಲಲ್ಲಿ ಕೂತು ಕೈ ಒಳಗೆ ಹಾಕಿದೆ.

ಮಿಸ್ತ್ರಿ ನನ್ನ ಮಣಿಕಟ್ಟು ಹಿಡಿದರು. ಆ ವಯಸ್ಸಿನಲ್ಲಿ ಪರಗಂಡಸೊಬ್ಬ ನನ್ನ ಕೈ ಹಿಡಿದದ್ದು ಅದೇ ಮೊದಲು. ನನ್ನ ಹೆಬ್ಬೆರಳು ಬಟ್ಟಲಿನ ತಳಕ್ಕೆ ಒತ್ತಿಕೊಂಡಿತು.

"ಸಾಕು ಬಿಡ್ರಿ ಬಾಯಾರ. ಮೊದಲ ತಿಕ್ಕಿದ್ದು ಸಾಲದೇನು?"

ಕೈ ಬಿಡಿಸಿಕೊಂಡು, ಏನು ಮಾತಿದು ಎಂದೆ. ಅವರು ನಮ್ಮವರ ಕಡೆ ನೋಡಿದರು. ನಮ್ಮವರು ಗೋಡೆಯ ಕಡೆ ನೋಡುತ್ತಿದ್ದರು. ಆಸ್ಪತ್ರೆಯಲ್ಲಿ ನೋಡಿದ ಹಾಗೆಯೇ.

"ಇದು ನಿಮ್ಮ ಆರತಿ ತಟ್ಟಿ ಅಲ್ರಿ. ಹಿತ್ತಾಳಿ ಮ್ಯಾಲೆ ಉಳ್ಳಾಗಡ್ಡಿ ಸಿಪ್ಪಿಯಷ್ಟ ತೆಳುವ ಬೆಳ್ಳಿ. ವರ್ಷಾ ವರ್ಷಾ ತಿಕ್ಕಿ ತಿಕ್ಕಿ ಎಲ್ಲಾ ತಗದ್ರಿ. ಆವತ್ತ ಇದ್ರಾಗ ಬೆಳ್ಳಿ ಇರಲಿಲ್ಲ, ಬರೇ ಹಿತ್ತಾಳಿ. ಅದು ಬೆಳಕ ಮುಂದ ಒಗಿಯೂದಿಲ್ಲ, ನುಂಗತೈತಿ. ಹೊಸಾ ಜೋಡಿ ಹಾಕಾಕ ಬಂದೆ. ಕಳ್ಳ ಅಂದ್ರಿ."

ಹಳದಿ ಗಾಜಿನ ಹಿಂದೆ ಹಿತ್ತಾಳೆಯ ಹಳದಿ. ಗಾಜು ತೆಗೆದಾಗ ಕಂಡದ್ದನ್ನೂ ಹಳೆಯ ಬೆಳ್ಳಿಗೆ ಬರುವ ಹಳದಿ ಎಂದೇ ತಿಳಿದಿದ್ದೆ. ಪ್ರತಿವರ್ಷ ಮಲ್ಮಲ್ ಬಟ್ಟೆ ಕಪ್ಪಾಗಿ ಬರುತ್ತಿತ್ತು. ಕೊಳೆ ಹೋಯಿತು ಎಂದು ಸಂತೋಷಪಡುತ್ತಿದ್ದೆ. ಹೋಗುತ್ತಿದ್ದದ್ದು ಬೆಳ್ಳಿ.

"ಮೊದಲ ಯಾಕ ಹೇಳಲಿಲ್ಲ" ಎಂದೆ. ಯಾರನ್ನು ಕೇಳಿದೆನೋ ತಿಳಿಯದು. ಮಿಸ್ತ್ರಿಯೇ ಹೇಳಿದರು.

"ಸಾಹೇಬ್ರಿಗೆ ಹೇಳಿದ್ದೆ. ಆಕಿಗೆ ಹೇಳಬ್ಯಾಡ, ಮೂವತ್ತ ವರ್ಷ ತಿಕ್ಕ್ಯಾಳ, ಎದಿ ಒಡಕೋತಾಳ ಅಂದ್ರು. ನಾ ಅಂದೆ, ಎದಿ ಒಡಕೊಳ್ಳಾಕಿ ಅಲ್ರಿ ಅವರು, ನನ್ನ ತಲಿ ಒಡಿಯಾಕಿ."

ನಮ್ಮವರು ನಕ್ಕರು. ಅಪಘಾತದ ನಂತರ ಅವರು ಸದ್ದು ಮಾಡಿ ನಕ್ಕದ್ದು ಅದೇ ಮೊದಲು. ಆ ನಗುವನ್ನು ನಾನು ಕ್ಷಮಿಸಲಿಲ್ಲ. ಇಬ್ಬರು ಗಂಡಸರು ಮೂರು ವರ್ಷ, ಮಗುವಿನಿಂದ ಬಚ್ಚಿಡುವಂತೆ, ಇದನ್ನು ನನ್ನಿಂದ ಬಚ್ಚಿಟ್ಟಿದ್ದರು. ಒಬ್ಬ ಪ್ರೀತಿಯಿಂದ, ಇನ್ನೊಬ್ಬ ಅವನ ಮಾತಿಗೆ ಕಟ್ಟುಬಿದ್ದು. ಕಾನ್ವೆಂಟಿನಲ್ಲಿ ಯಾರದಾದರೂ ಕುರ್ಚಿಗೆ ಕಾಲು ತಾಗಿದರೆ ಸಾರಿ ಅನ್ನುವುದನ್ನು ಕಲಿತವಳು ನಾನು. ಅವತ್ತು ಆ ಪದ ಗಂಟಲಿನ ತನಕವೂ ಬರಲಿಲ್ಲ. "ಕೆಲಸಾ ಮುಗಿಸಿ ನಡೀರಿ" ಎಂದೆ.

ಅವರು ಮುಗಿಸಿದರು. ಗಾಜು ಹಾಕಿ, ಸ್ಕ್ರೂ ಬಿಗಿದು, ಸ್ವಿಚ್ಚು ಒತ್ತಿದರು. ಹಗಲಿನಲ್ಲೂ ಎದುರಿನ ಗೋಡೆಯ ಬುಡಕ್ಕೆ ಬೆಳಕು ಹಳದಿ ಚಾಪೆ ಹಾಸಿದಂತೆ ಅಗಲವಾಗಿ, ತಗ್ಗಾಗಿ ಬಿತ್ತು. ನಮ್ಮವರು ನೋಡುತ್ತಲೇ ಇದ್ದರು. ಮಿಸ್ತ್ರಿ ಕೈ ಒರೆಸಿಕೊಂಡು ನನ್ನ ಮುಂದೆ ಬಂದು ನಿಂತರು. ಕಾಗದ ಒಳಗೆ ಲಾಕರಿನಲ್ಲಿತ್ತು, ಇಪ್ಪತ್ತು ಹೆಜ್ಜೆ. ನಾನು ವಿಭೂತಿಯ ಬಟ್ಟಲು ಎತ್ತಿಕೊಂಡು ಒಳಗೆ ಹೋದೆ, ಮತ್ತೆ ಹೊರಗೆ ಬರಲಿಲ್ಲ.

ಮರುದಿನ ದಶಮಿ. ನಮ್ಮ ಕಡೆ ಅವತ್ತು ಬನ್ನಿ ಎಲೆ ಕೊಟ್ಟು 'ಬಂಗಾರದಂಗ ಇರೂಣ' ಎಂದರೆ ವರ್ಷದ ಮುನಿಸು ಮುಗಿಯಿತು ಎಂದು ಲೆಕ್ಕ. ಹಗೆಯವರಿಗೂ ಇಲ್ಲ ಅನ್ನುವಂತಿಲ್ಲ. ಮಿಸ್ತ್ರಿ ಸಂಜೆಗೆ ಬಂದರು, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು. ನಮ್ಮವರಿಗೆ ಬನ್ನಿ ಕೊಟ್ಟು ಕಾಲು ಮುಟ್ಟಿದರು. ಆಮೇಲೆ ನನ್ನ ಕಡೆ ಕೈ ಚಾಚಿದರು, ಎರಡು ಎಲೆ. ಕೈಗೆ ಹಿಟ್ಟು ಹತ್ತಿದೆ ಎಂದೆ. ಹತ್ತಿರಲಿಲ್ಲ. ಅವರು ನನ್ನ ಕೈ ನೋಡಿದರು, ಎರಡೂ ಕಣ್ಣಿನಿಂದ. ಎಲೆಗಳನ್ನು ಎಡ ಲೈಟಿನ ಮೇಲಿಟ್ಟು ಹೋದರು.

ಫೆಬ್ರವರಿಯಲ್ಲಿ ನಮ್ಮವರು ಹೋದರು. ಮಿಸ್ತ್ರಿ ಮಣ್ಣಿಗೆ ಬಂದಿದ್ದರು. ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿ ಸರಿದ ಮೇಲೆ ಕೊನೆಯಲ್ಲಿ ಹಾಕಿದರು. ನಾನು ನೋಡಿದೆ. ಅವರೂ ನೋಡಿದರು. ಕರೆದು ಮಾತಾಡಿಸಬಹುದಿತ್ತು. ಇವತ್ತು ಬೇಡ, ತಿಥಿ ಎಲ್ಲ ಮುಗಿಯಲಿ ಎಂದುಕೊಂಡೆ. ಮುಗಿದ ಮೇಲೆ ಬೇಸಿಗೆ ಕಳೆಯಲಿ ಎಂದುಕೊಂಡೆ. ಶ್ರಾವಣದಲ್ಲಿ ಟೈರಿನವನು ದಾರಿಯಲ್ಲಿ ಸಿಕ್ಕಿ, ಮಿಸ್ತ್ರಿ ಹೋಗಿ ಹದಿನೈದು ದಿನವಾಯಿತು, ಎದೆ ನೋವು, ಶೆಡ್ಡಿನಲ್ಲೇ, ಎಂದ.

ಕ್ಲಬ್ಬಿಗೆ ಫೋನ್ ಮಾಡಿ ಅದು ಅವರ ತಪ್ಪಲ್ಲ, ನನ್ನದು ಎಂದು ಹೇಳಿದೆ. ಸೆಕ್ರೆಟರಿ ಈಗ ಬೇರೆಯವನು. ಆಂಟಿ, ಯಾವ ಮಿಸ್ತ್ರಿ, ಎಂದು ಕೇಳಿದ. ಲಾಕರಿನಿಂದ ಕಾಗದ ತೆಗೆದುಕೊಂಡು ರಾಣಿಗಂಜಿಗೆ ಹೋದೆ. 'ನಿಮ್ಮ ಕೈಲೇ ಕೊಡಬೇಕು' ಎಂದಿದ್ದರಲ್ಲ.

ಶೆಡ್ಡಿನ ಹಿಂದಿನ ಎರಡು ಕೋಣೆಯಲ್ಲಿ ಅವರ ಹೆಂಡತಿ ಇದ್ದರು, ಗಂಡನಷ್ಟೇ ಕಡಿಮೆ ಮಾತಿನವರು. ನಾನು ಯಾರೆಂದು ಹೇಳುವ ಮೊದಲೇ ಅವರಿಗೆ ತಿಳಿಯಿತು. ಚಾಪೆ ಹಾಸಿದರು. ಕಾಗದ ಕೈಯಲ್ಲಿ ಹಿಡಿದು ತಿರುವಿ ನೋಡಿದರು.

"ಏನ ಬರದೈತ್ರಿ ಅಕ್ಕಾರ, ಇದ್ರಾಗ?"

ಅದೇ ಪ್ರಶ್ನೆ. ಈ ಸಲ ಓದಿದೆ. ಇಂಗ್ಲಿಷನ್ನು ಒಂದೊಂದು ಪದವಾಗಿ ಕನ್ನಡಕ್ಕೆ ತಂದು, ನನ್ನ ತಪ್ಪಿನಿಂದ ದೀಪ ಕೆಟ್ಟು ಸಾಹೇಬರಿಗೆ ಪೆಟ್ಟಾಯಿತು ಎಂಬಲ್ಲಿಗೆ ಬಂದೆ. 'ನನ್ನ' ಎನ್ನುವಾಗ ಧ್ವನಿ ನಿಂತಿತು. ಆ ಕಾಗದದಲ್ಲಿ ಅದೊಂದೇ ಪದ ಸರಿಯಾಗಿತ್ತು, ಓದುವವಳು ನಾನಾಗಿದ್ದರೆ. "ಇದು ಸುಳ್ಳರಿ" ಎಂದೆ. "ತಪ್ಪ ನಂದು. ಅವರ ಕಡೆಯಿಂದ ಹೆಬ್ಬೆಟ್ಟು ಒತ್ತಿಸಿದೆ. ಓದಾಕ ಬರದಾಂವ ಅಂತ."

ಆಕೆ ಅಳಲಿಲ್ಲ. ಸಿಟ್ಟೂ ಆಗಲಿಲ್ಲ.

"ಬರತಿತ್ರಿ. ರಾಯಚೂರಿನ್ಯಾಗ ಮೆಟ್ರಿಕ್ ಮಾಡಿದ್ರು. ಗಾಡಿ ಪುಸ್ತಕ ಎಲ್ಲಾ ಇಂಗ್ಲಿಷಿನ್ಯಾವ, ಅವನ್ನ ಓದಿ ಕಲ್ತವರು. ಆವತ್ತ ಬಂದು ಹೇಳಿದ್ರು, ಬಾಯಾರ ಬಾಯಿಂದ ಕೇಳಬೇಕಂತ ಕೇಳಿದೆ, ಹೇಳಲಿಲ್ಲ. ಸಾಹೇಬ್ರ ಸಲುವಾಗಿ ಒತ್ತಿ ಬಂದೆ. ಸುಳ್ಳಿಗೆ ನನ್ನ ಹೆಸರ ಬರದಿಲ್ಲ, ಹೆಬ್ಬೆಟ್ಟಷ್ಟ ಕೊಟ್ಟೀನಿ ಅಂದ್ರು."

ಕಾಗದವನ್ನು ನಾಲ್ಕು ಮಡಿಕೆ ಮಾಡಿ, ಮೂಲೆಯಲ್ಲಿದ್ದ ಆ ದಪ್ಪ ಮ್ಯಾನ್ಯುಅಲ್ಲಿನೊಳಗೆ ಇಟ್ಟರು. ಅದರ ಅಂಚುಗಳ ತುಂಬ ಪೆನ್ಸಿಲಿನಲ್ಲಿ ಸಣ್ಣ ಕನ್ನಡ ಅಕ್ಷರಗಳಿದ್ದವು. ಚಹಾ ಕೊಟ್ಟರು. ಕುಡಿದು ಬಂದೆ.

ಗಾಡಿ ಈಗಲೂ ನಮ್ಮ ಪೋರ್ಟಿಕೋದಲ್ಲಿದೆ. ಆಯುಧಪೂಜೆಗೆ ಲೈಟಿನ ಹೊರಗಿನ ಗಾಜನ್ನು ಒದ್ದೆ ಬಟ್ಟೆಯಿಂದ ಒರೆಸಿ, ಒಂದು ನಿಮಿಷ ಹಚ್ಚಿ ಆರಿಸುತ್ತೇನೆ. ಎಡ ದೀಪದೊಳಗೆ, ಬಲ್ಬಿನ ಕೆಳಗೆ, ನನ್ನ ಹೆಬ್ಬೆಟ್ಟಿನ ಗುರುತಿದೆ, ಅವತ್ತು ಅವರು ಕೈ ಹಿಡಿದಾಗ ಬಿದ್ದದ್ದು. ಹೊಸ ಬೆಳ್ಳಿಯ ಮೇಲೆ ಬೆರಳು ಬಿದ್ದರೆ ಮೊದಲು ಕಾಣುವುದಿಲ್ಲ. ವರ್ಷ ಹೋದಂತೆ ಕಪ್ಪಾಗುತ್ತ ಬರುತ್ತದೆ. ಈಗ ಗೆರೆಗಳು ಕೂಡ ಎಣಿಸುವಷ್ಟು ಸ್ಪಷ್ಟ. ವಿಭೂತಿ ಹಚ್ಚಿ ತಿಕ್ಕಿದರೆ ಎರಡು ನಿಮಿಷದಲ್ಲಿ ಹೋದೀತು. ತಿಕ್ಕಿಲ್ಲ.